ಎಡಗಾಲಿನ ಎಂಜಿನ್

ಎಂಜಿನ್ ಎಂದರೆ ಬಾನೆಟ್ಟಿನ ಕೆಳಗಿರುವ, ಮುಟ್ಟಿದರೆ ಕೈ ಸುಡುವ ವಸ್ತು ಎಂಬುದಕ್ಕಿಂತ ಹೆಚ್ಚೇನೂ ತಿಳಿಯದವರು ಎಂಜಿನ್ನಿನ ಕಥೆ ಹೇಳಲು ಕೂರುವುದು ತಪ್ಪು. ತಪ್ಪೆಂದು ತಿಳಿದೂ ಕೂತದ್ದಾಗಿದೆ, ಬಲ್ಲವರು ಕ್ಷಮಿಸಬೇಕು. ನಡುವೆ ಎಲ್ಲಾದರೂ ನಟ್ಟನ್ನು ಬೋಲ್ಟೆಂದೋ ಬೋಲ್ಟನ್ನು ವಾಷರೆಂದೋ ಬರೆದಿದ್ದರೆ ತಾವೇ ಬಿಗಿ ಮಾಡಿಕೊಂಡು ಓದಬೇಕು. ಬಲ್ಲವರೇ ಹೇಳಲಿ ಎಂದು ಕಾದು ನೋಡಿದ್ದೂ ಆಯಿತು. ಆದರೆ ಈ ಕಥೆಯೊಳಗೆ ಬಲ್ಲವರು ಒಬ್ಬರೂ ಇರಲಿಲ್ಲ, ಅದೇ ತೊಂದರೆ.

ಜೋಡಣ್ಣ ಬೂಟು ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಆ ಹೆಸರು ತಾಯಿ ತಂದೆ ಇಟ್ಟದ್ದಲ್ಲ, ಗಿರಾಕಿಗಳು ಇಟ್ಟದ್ದು. ಡಬ್ಬ ಕಟ್ಟಿಕೊಡುವ ಮುಂಚೆ ಎರಡೂ ಬೂಟುಗಳನ್ನು ಹೊರಗೆ ತೆಗೆದು, ಅಟ್ಟೆಗೆ ಅಟ್ಟೆ ತಾಗಿಸಿ, "ಇದು ಎಡ, ಇದು ಬಲ. ಜೋಡಿ ಸರಿಯಾಗಿದೆ, ನೋಡ್ಕೊಳ್ಳಿ" ಎಂದು ಹೇಳದೆ ಅವನು ಯಾರಿಗೂ ಮಾಲು ಕೊಟ್ಟವನಲ್ಲ. ಗಿರಾಕಿ ಬಸ್ಸು ತಪ್ಪುತ್ತದೆಂದು ಒಂಟಿ ಕಾಲಲ್ಲಿ ಕುಣಿಯುತ್ತಿದ್ದರೂ ಬಿಡುತ್ತಿರಲಿಲ್ಲ. ಎದುರಿಗೆ ಯಾರು ಬಂದರೂ ಮೊದಲು ಅವರ ಪಾದ ನೋಡಿ, ಆಮೇಲೆ ಸಮಯ ಉಳಿದರೆ ಮುಖ ನೋಡುವ ಸ್ವಭಾವ. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗ ತಲೆ ತಗ್ಗಿಸಿಯೇ ಕೂತಿದ್ದ ಇವನನ್ನು ಕಂಡು "ಹುಡುಗ ತುಂಬಾ ವಿನಯವಂತ" ಎಂದು ಮಾವನವರು ಒಪ್ಪಿಕೊಂಡಿದ್ದರು.

ಜೀಪು ಆ ಮಾವನವರದು. ಅವರು ಕಾಡುಮೇಡುಗಳಲ್ಲಿ ರಸ್ತೆ ಅಳೆಯುವ ಸರ್ವೇಯರ್ ಆಗಿದ್ದವರು. ಕಣ್ಣು ಮಂಜಾಗಿ ಮಗಳ ಮನೆಗೆ ಬಂದು ನೆಲೆಸುವಾಗ ತಂದದ್ದು ಒಂದು ಟ್ರಂಕು ಮತ್ತು ಈ ಜೀಪು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ. ಅದರ ಎಂಜಿನ್ ಗೇಟಿನೊಳಗೆ ಬಂದ ದಿನವೇ ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಸೆಟೆದುಕೊಂಡಿತು. ಅಂದಿನಿಂದ ಜೀಪು ಅಂಗಳದಲ್ಲಿ ಗೋಡೆಗೆ ಮುಖ ಮಾಡಿ, ಶಿಕ್ಷೆಗೆ ನಿಲ್ಲಿಸಿದ ವಿದ್ಯಾರ್ಥಿಯ ಹಾಗೆ ನಿಂತಿತ್ತು. ಮಾವನವರು ಪ್ರತಿ ಬೆಳಿಗ್ಗೆ ಹೋಗಿ ಅದರ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮಗಳು ಅಲ್ಲಿಗೇ ಕಾಫಿ ತಂದುಕೊಟ್ಟು ಪೇಪರ್ ಓದಿ ಹೇಳುತ್ತಿದ್ದಳು. ಎದುರಿಗೆ ಇದ್ದದ್ದು ಸುಣ್ಣ ಕಿತ್ತ ಗೋಡೆ. ಕಣ್ಣು ಮಂಜಾದವರಿಗೆ ಅದು ದಾರಿಯಾಗಿ ಕಾಣುತ್ತಿತ್ತೋ ಏನೋ, ಕೈ ಸ್ಟೇರಿಂಗಿನ ಮೇಲೆಯೇ ಇರುತ್ತಿತ್ತು.

ತೊಂದರೆ ಶುರುವಾದದ್ದು ಭಾಮೈದನ ಹೊಸ ಕಾರಿನಿಂದ. ಹೆಂಡತಿಯ ತಮ್ಮ ಅದನ್ನು ಅಕ್ಕನಿಗೆ ತೋರಿಸಲು ತಂದ. ನಿಲ್ಲಿಸಲು ಅಂಗಳದಲ್ಲಿ ಜಾಗವಿಲ್ಲ. ಬೀದಿಯಲ್ಲಿ ನಿಲ್ಲಿಸಿ ಒಳಗೆ ಬಂದವನು ಕೂರುವ ಮುಂಚೆಯೇ ತೀರ್ಪು ಕೊಟ್ಟ.

"ಭಾವ, ಆ ಡಬ್ಬ ಗುಜರಿಗೆ ಹಾಕಿ. ಬರೋ ಭಾನುವಾರ ನಾನೇ ಗುಜರಿಯವರನ್ನ ಕರ್ಕೊಂಡು ಬರ್ತೀನಿ."

"ಅದು ಅಪ್ಪನ ಜೀಪು ಕಣೋ" ಎಂದಳು ಜೋಡಣ್ಣನ ಹೆಂಡತಿ.

"ಅಪ್ಪನಿಗೆ ಅದರಲ್ಲಿ ಕೂತ್ಕೊಳ್ಳೋದು ತಾನೇ? ಸೀಟು ಬಿಚ್ಚಿ ವರಾಂಡಕ್ಕೆ ಹಾಕೋಣ. ಏನಪ್ಪಾ?"

ಮಾವನವರು "ಹೋಗ್ಲಿ ಬಿಡ್ರಪ್ಪ" ಎಂದು ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ ಹೆಗಲ ಟವೆಲಿನಿಂದ ಜೀಪಿನ ಬಾನೆಟ್ಟು ಒರೆಸುತ್ತಿದ್ದರು, ಜ್ವರ ಬಂದವರ ಹಣೆ ಒರೆಸುವ ಹಾಗೆ.

ಅದನ್ನು ನೋಡಿದ ಜೋಡಣ್ಣನಿಗೆ ಏನಾಯಿತೋ, ಬಾಯಿಂದ ಮಾತು ಹೊರಬಿತ್ತು.

"ಗುಜರಿ ಗಿಜರಿ ಏನೂ ಬೇಡ. ನಾನೇ ಎಂಜಿನ್ ಬದಲಾಯಿಸ್ತೀನಿ. ಮನೇಲೇ."

ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು. ಭಾಮೈದ ಸೋಫಾದ ಮೇಲೆ ಉರುಳಿ ನಕ್ಕ.

"ಭಾವ, ಹೋದ ತಿಂಗಳು ನಿಮ್ಮನೆ ನಲ್ಲಿ ವಾಷರ್ ಬದಲಾಯಿಸಿದ್ದು ಯಾರು?"

"ನಾನೇ."

"ಆಮೇಲೆ ಅಡುಗೆಮನೇಲಿ ಈಜಿದ್ದು ಯಾರು?"

"ಎಲ್ಲರೂ" ಎಂದು ಜೋಡಣ್ಣ ಪ್ರಾಮಾಣಿಕವಾಗಿ ಒಪ್ಪಿಕೊಂಡ.

"ಸರಿ ಹಾಗಾದ್ರೆ. ಭಾನುವಾರ ಈ ಜೀಪು ತನ್ನಷ್ಟಕ್ಕೆ ತಾನು ಗೇಟು ದಾಟಿ, ನಿಮ್ಮ ಬೀದಿಯ ದಿಬ್ಬ ಇಳಿದು, ಮತ್ತೆ ದಿಬ್ಬ ಹತ್ತಿ ವಾಪಸ್ ಬರ್ಲಿ. ಬಂದ್ರೆ ನಾನು ಬಾಯಿ ಮುಚ್ಕೋತೀನಿ. ಇಲ್ಲಾಂದ್ರೆ ಗುಜರಿ. ಒಪ್ಪಿಗೇನಾ?"

ಒಪ್ಪಿಗೆ ಎಂದು ಹೇಳಿದ್ದು ಜೋಡಣ್ಣನಲ್ಲ. ಹೊರಗೆ ಬಾನೆಟ್ಟಿನ ಪಕ್ಕದಿಂದ ಮಾವನವರ ಧ್ವನಿ ಬಂತು. "ಒಪ್ಪಿಗೆ!"

ಮಾರನೆಯ ದಿನ ಜೋಡಣ್ಣ ಅಂಗಡಿಗೆ ರಜೆ ಹಾಕಿ ಗುಜರಿ ಅಂಗಡಿಗೆ ಹೋದ. ಗುಜರಿಯವರು ಹಳೇ ಟೈರಿನ ಮೇಲೆ ರಾಜನ ಹಾಗೆ ಕೂತಿದ್ದರು. ಜೀಪಿನ ಹೆಸರು ಕೇಳಿದ ಕೂಡಲೇ ಮೂಲೆಯ ಟಾರ್ಪಾಲ್ ಸರಿಸಿದರು. ಒಳಗೆ ಎಣ್ಣೆ ಸವರಿದ ಎಂಜಿನ್, ಹೊಸ ಬೂಟಿನ ಹಾಗೆ ಮಿರಮಿರನೆ ಮಿಂಚುತ್ತಿತ್ತು. ಒಂದು ಬದಿಗೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ "ಎಡ" ಎಂದು ಬರೆದಿತ್ತು.

"ಸ್ಟಾರ್ಟರ್ ಸಮೇತ ಇದೆ ಸಾರ್. ನಿಮ್ಮ ಜೀಪಿಗೆ ಅಳತೆ ತಗೊಂಡು ಮಾಡಿದ ಹಾಗಿದೆ. ಬೋಲ್ಟ್ ತೂತು ಒಂದೂ ಆಚೀಚೆ ಇಲ್ಲ. ಜೋಡಿ ಮಾಲು ಇದು. ಇನ್ನೊಂದನ್ನ ಯಾರೋ ಮೊನ್ನೇನೇ ತಗೊಂಡೋದ್ರು."

ಜೀವಮಾನವಿಡೀ ಜೋಡಿಗಳನ್ನೇ ಮಾರಿದ ಮನುಷ್ಯ ಇಲ್ಲಿ ಏನು ಕೇಳಬೇಕಿತ್ತು ಎಂಬುದನ್ನು ಓದುಗರು ಯೋಚಿಸಬಹುದು. ಜೋಡಣ್ಣ ಅದನ್ನು ಕೇಳಲಿಲ್ಲ. ಅವನಿಗೆ ಜೋಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕು, ಕಣ್ಣು ತೇವವಾಯಿತು. "ಪಾಪ, ಒಂಟಿಯಾಯ್ತಲ್ಲ" ಎಂದು ಎಂಜಿನ್ನಿನ ಬೆನ್ನು ತಟ್ಟಿದ. "ಎಡ" ಎಂದು ಬರೆದದ್ದಕ್ಕೆ ಅರ್ಥವನ್ನೂ ತಾನೇ ಕಂಡುಕೊಂಡ, ಆ ಬದಿ ಎಡಗಡೆಗೆ ಬರುವಂತೆ ಕೂರಿಸಬೇಕು ಅಂತ. ಆಶ್ಚರ್ಯವೆಂದರೆ ಆ ಬದಿ ಎಡಗಡೆಗೇ ಬಂತು. ತಪ್ಪು ಅರ್ಥಕ್ಕೆ ಇಂಥ ಬೆಂಬಲ ಸಿಕ್ಕಿಬಿಟ್ಟರೆ ಆಮೇಲೆ ಮನುಷ್ಯನನ್ನು ತಿದ್ದುವುದು ಕಷ್ಟ.

ಅಂಗಳದಲ್ಲಿ ಕಬ್ಬಿಣದ ಮುಕ್ಕಾಲಿ ನಿಂತಿತು. ಅದಕ್ಕೆ ಭಾರ ಎತ್ತುವ ಬಾಡಿಗೆ ಚೈನ್ ಬ್ಲಾಕ್ ತೂಗಿತು. ಅಂಗಡಿಯಿಂದ ತಂದ ಖಾಲಿ ಬೂಟಿನ ಡಬ್ಬಗಳು ಜೀಪಿನ ಮುಂದೆ ಗೋಡೆಯೆತ್ತರಕ್ಕೆ ಪೇರಿಸಿಕೊಂಡವು. ಬಿಚ್ಚಿದ ಪ್ರತಿಯೊಂದು ಬೋಲ್ಟೂ ಒಂದು ಡಬ್ಬ ಸೇರಿತು. ಸಣ್ಣದು ಮಕ್ಕಳ ಅಳತೆಯದಕ್ಕೆ, ದಪ್ಪದ್ದು ಗಂಡಸರ ಅಳತೆಯದಕ್ಕೆ. ಎತ್ತಲೂ ಸೇರದ ಒಂದು ಸ್ಪ್ರಿಂಗು ಹೆಂಗಸರ ಎತ್ತರ ಹಿಮ್ಮಡಿಯ ಡಬ್ಬದಲ್ಲಿ ಮಲಗಿತು. ವೈರುಗಳನ್ನು ಬೂಟಿನ ದಾರದಿಂದ ಕಟ್ಟಿದ. ರಬ್ಬರ್ ಪೈಪು ಹತ್ತದಿದ್ದಾಗ ಹಿಮ್ಮಡಿಗೆ ಬೂಟು ಏರಿಸುವ ಪಟ್ಟಿ ಹಾಕಿ ಏರಿಸಿದ. ಮಾವನವರು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತರು. ಏನು ಕೇಳಿದರೂ ಅವರದು ಒಂದೇ ಉತ್ತರ. "ನಾನು ಓಡಿಸಿದವನು ಅಳಿಯಂದ್ರೇ, ಬಿಚ್ಚಿದವನಲ್ಲ."

ಎದುರು ಮನೆಯ ನಿವೃತ್ತ ಹೆಡ್ಮೇಷ್ಟ್ರಿಗೆ ಚೈನಿನ ಕಟಕಟ ಸದ್ದಿನಿಂದ ಮಧ್ಯಾಹ್ನದ ನಿದ್ದೆ ಹೋಯಿತು. ಅವರು ಗೇಟಿಗೆ ಬಂದು, "ವಾಸದ ಬೀದಿಯಲ್ಲಿ ಕಾರ್ಖಾನೆ!" ಎಂದು ಒಂದು ಸಾರಿ ಗುಡುಗಿ, ನಗರಸಭೆಗೆ ಫೋನ್ ಮಾಡಿದರು. ಶನಿವಾರ ನಗರಸಭೆಯ ಇನ್ಸ್‌ಪೆಕ್ಟರ್ ಬಂದರು. ಆ ಹೊತ್ತಿಗೆ ಹಳೆಯ ಎಂಜಿನ್ ಮೂಲೆ ಸೇರಿ, ಹೊಸದು ಸರಪಳಿಯಲ್ಲಿ ನೇತಾಡುತ್ತ, ಒಳಗೆ ಇಳಿಯಲೋ ಬೇಡವೋ ಎಂದು ಹೊಯ್ದಾಡುತ್ತಿತ್ತು.

"ಇಲ್ಲಿ ವರ್ಕ್‌ಶಾಪ್ ನಡೀತಿದೆ ಅಂತ ದೂರು ಬಂದಿದೆ."

ಹೆಂಡತಿ ಮುಂದೆ ಬಂದಳು. "ಎಲ್ಲಿ ನಡೀತಿದೆ ಸಾರ್? ಇಲ್ಲಿ ಯಾವುದೂ ನಡೀತಾ ಇಲ್ಲ. ಅದೇ ನಮ್ಮ ಕಷ್ಟ."

"ಲೈಸೆನ್ಸ್ ಇದೆಯೇನ್ರಿ?"

ಜೋಡಣ್ಣನ ದೃಷ್ಟಿ ಅಭ್ಯಾಸದಂತೆ ಇನ್ಸ್‌ಪೆಕ್ಟರರ ಕಾಲಿಗೆ ಇಳಿದಿತ್ತು. "ಸಾರ್, ನಿಮ್ಮ ಎಡಗಾಲಿನ ಕಿರುಬೆರಳು ನೋಯುತ್ತೆ, ಅಲ್ವಾ?"

ಇನ್ಸ್‌ಪೆಕ್ಟರ್ ಬೆಚ್ಚಿಬಿದ್ದರು. "ನಿಮಗೆ ಹ್ಯಾಗ್ರೀ ಗೊತ್ತು?"

"ನೀವು ಬಲಗಾಲಿಗೆ ಅಳತೆ ಕೊಟ್ಟು ತಗೊಂಡಿದ್ದೀರಿ. ಎಡ ಒಂಚೂರು ದೊಡ್ಡದು ನಿಮಗೆ. ಜನ ಇದೇ ತಪ್ಪು ಮಾಡೋದು ಸಾರ್." ಜೋಡಣ್ಣ ನೇತಾಡುವ ಎಂಜಿನ್ನಿಗೆ ಒರಗಿಕೊಂಡು, ಅದರ ಮೇಲೆ ಬರೆದಿದ್ದ "ಎಡ" ಎಂಬ ಅಕ್ಷರಗಳ ಮೇಲೆಯೇ ಕೈಯಿಟ್ಟು ಉಪದೇಶ ಮಾಡಿದ. "ನೋಡೋಕೆ ಎರಡೂ ಒಂದೇ ಥರ ಇರುತ್ತೆ. ಆದ್ರೆ ಎಡ ಎಡಾನೇ, ಬಲ ಬಲಾನೇ. ಒಂದರ ಜಾಗಕ್ಕೆ ಇನ್ನೊಂದು ಹೋದ್ರೆ ಮನುಷ್ಯ ಮುಂದಕ್ಕೆ ಹೋಗೋದೇ ಕಷ್ಟ."

ಇಷ್ಟು ಜ್ಞಾನ ಇಟ್ಟುಕೊಂಡು ಮನುಷ್ಯ ಹೇಗೆ ಕೆಡುತ್ತಾನೆ ಎಂಬುದು ಮುಂದೆ ತಿಳಿಯುತ್ತದೆ.

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿಟ್ಟು ಕಾಲಿಗೆ ಗಾಳಿ ಆಡಿಸಿದರು. ಅವರ ಮುಖದಲ್ಲಿ ಎಷ್ಟೋ ವರ್ಷಗಳ ಸಿಡುಕು ಇಳಿಯಿತು. ಸ್ವಲ್ಪ ಹೊತ್ತಿಗೆ ಅವರು ಬರಿಗಾಲಲ್ಲಿ ನಿಂತು ಚೈನ್ ಇಳಿಸುತ್ತಿದ್ದರು. ದೂರು ಕೊಟ್ಟ ಹೆಡ್ಮೇಷ್ಟ್ರು ಗೇಟಿನಿಂದ, "ಎಡಕ್ಕೆ! ಅಲ್ಲ ಅಲ್ಲ, ನನ್ನ ಎಡಕ್ಕೆ!" ಎಂದು ಕೂಗಿ ಮಾರ್ಗದರ್ಶನ ಮಾಡುತ್ತಿದ್ದರು. ಎಂಜಿನ್ ಗೇರ್ ಬಾಕ್ಸಿಗೆ ಹೋಗಿ ಕೂತಾಗ "ಕಳಕ್" ಎಂದು ಸದ್ದಾಯಿತು. ಸರಿಯಾದ ಅಳತೆಯ ಬೂಟಿಗೆ ಹಿಮ್ಮಡಿ ಇಳಿದಾಗ ಆಗುವ ಸದ್ದೇ ಅದು ಎಂದು ಜೋಡಣ್ಣ ಎಲ್ಲರಿಗೂ ಹೇಳಿದ.

ಸಂಜೆ ಬೀಗದ ಕೈ ತಿರುಗಿಸಿದ. ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದ. ಎಂಜಿನ್ ಹೊತ್ತಿಕೊಂಡು ಗುಡುಗುಡು ಎಂದು ಹಾಡತೊಡಗಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ಇನ್ಸ್‌ಪೆಕ್ಟರ್ ಹೆಡ್ಮೇಷ್ಟ್ರ ಕೈ ಕುಲುಕಿದರು. ಒಂದೇ ಒಂದು ವಿಚಿತ್ರವೆಂದರೆ, ಜೀಪಿನ ಮೂತಿಯಿಂದ ಗಾಳಿ ಮುಂದಕ್ಕೆ ಬೀಸಿ, ಮೇಲಿನ ಸಾಲಿನ ಡಬ್ಬಗಳ ಮುಚ್ಚಳ ಹಾರಿ ಗೋಡೆಗೆ ಬಡಿದವು.

"ಫ್ಯಾನು ಗಾಳೀನ ಒಳಕ್ಕೆ ಎಳೀಬೇಕಲ್ವೇನ್ರೀ?" ಎಂದರು ಹೆಡ್ಮೇಷ್ಟ್ರು.

"ಹೊಸ ಎಂಜಿನ್ ಸಾರ್, ಉಸಿರು ಜಾಸ್ತಿ" ಎಂದ ಜೋಡಣ್ಣ.

ಮಾವನವರು ಮಾತ್ರ ಎದ್ದು ಬಂದು, ಜೀಪಿನ ಮೂತಿಯ ಮುಂದೆ ಅಂಗೈ ಹಿಡಿದು, ಆ ಗಾಳಿಯನ್ನು ಬಹಳ ಹೊತ್ತು ಮುಟ್ಟುತ್ತ ನಿಂತರು. ಸಣ್ಣಗೆ ನಕ್ಕಂತೆ ಕಂಡಿತು.

ಭಾನುವಾರ ಭಾಮೈದ ಹೊಸ ಕಾರಿನಲ್ಲಿ ಬಂದ. ಜೀಪನ್ನು ಎಳೆದುಕೊಂಡು ಹೋಗಲು ದಪ್ಪನೆಯ ಹಗ್ಗವನ್ನೂ ತಂದಿದ್ದ. ಹೆಡ್ಮೇಷ್ಟ್ರು ಜಗಲಿಗೆ ಕುರ್ಚಿ ತಂದರು. ರಜಾ ದಿನವಾದರೂ ಇನ್ಸ್‌ಪೆಕ್ಟರ್ ಬಂದರು, ಸಡಿಲವಾದ ಹೊಸ ಚಪ್ಪಲಿ ಹಾಕಿಕೊಂಡು.

ಜೋಡಣ್ಣ ತಲೆ ಬಾಚಿ, ಹೊಳೆಯುವ ಬೂಟು ತೊಟ್ಟು ಜೀಪು ಏರಿದ. ಗೋಡೆಗೆ ಮುಖ ಮಾಡಿದ ಗಾಡಿ, ಗೇಟು ಹಿಂದೆ. ಆದ್ದರಿಂದ ರಿವರ್ಸ್ ಹಾಕಿ, ಕತ್ತು ಹೊರಳಿಸಿ ಹಿಂದೆ ನೋಡುತ್ತ ಕ್ಲಚ್ ಬಿಟ್ಟ. ಜೀಪು ಮುಂದಕ್ಕೆ ನುಗ್ಗಿ ಡಬ್ಬಗಳ ಗೋಡೆಯೊಳಗೆ ಮೂತಿ ತೂರಿಸಿತು. ಮಕ್ಕಳ ಅಳತೆಯ ಡಬ್ಬಗಳೆಲ್ಲ ಬಾನೆಟ್ಟಿನ ಮೇಲೆ ಉದುರಿದವು.

"ಭಾವ, ಗೇಟು ಈ ಕಡೆ ಇದೆ!" ಎಂದು ಕೂಗಿದ ಭಾಮೈದ.

ಜೋಡಣ್ಣ ಗೇರು ನೋಡಿಕೊಂಡ, ರಿವರ್ಸೇ ಇತ್ತು. ಮತ್ತೆ ಬಿಟ್ಟ. ಈ ಸಲ ಗಂಡಸರ ಅಳತೆಯ ಡಬ್ಬಗಳೂ ಉದುರಿದವು.

"ಬೇರೆ ಏನಾದ್ರೂ ಹಾಕ್ರೀ!" ಎಂದು ಹೆಂಡತಿ ಕಿರುಚಿದಳು.

ಗಡಿಬಿಡಿಯಲ್ಲಿ ಗೇರು ಎಲ್ಲೆಲ್ಲೋ ಹೋಗಿ ಫಸ್ಟಿಗೆ ಬಿತ್ತು. ಜೀಪು ಮೆಲ್ಲಗೆ, ಬೆಣ್ಣೆಯಲ್ಲಿ ಜಾರಿದಂತೆ, ಹಿಂದಕ್ಕೆ ಸರಿದು ಗೇಟು ದಾಟಿ, ಬೀದಿಯಲ್ಲಿ ದಿಬ್ಬದ ಇಳಿಜಾರಿಗೆ ಮುಖ ಮಾಡಿ ನಿಂತಿತು. ಜನ ಓ ಎಂದರು. "ಎಂಥಾ ರಿವರ್ಸ್ ತೆಗೆದ್ರಿ!" ಎಂದು ಇನ್ಸ್‌ಪೆಕ್ಟರ್ ಬೆನ್ನು ತಟ್ಟಲು ಓಡಿ ಬಂದರು.

ಜೋಡಣ್ಣನೊಬ್ಬನಿಗೆ ಗೊತ್ತಿತ್ತು, ಅದು ರಿವರ್ಸ್ ಅಲ್ಲ ಎಂದು. ಅವನು ಬೆನ್ನು ತಿರುಗಿಸಿ ಗುಜರಿಯವರಿಗೆ ಫೋನ್ ಮಾಡಿದ.

"ಏನ್ರೀ ಕೊಟ್ಟಿದ್ದೀರಿ ನಂಗೆ? ಮುಂದೆ ಹೋಗು ಅಂದ್ರೆ ಹಿಂದೆ ಹೋಗುತ್ತೆ!"

"ಓ, ಹಾಕೇಬಿಟ್ರಾ? ಅದು ಬೋಟಿಂದು ಸಾರ್."

"ಬೋಟಾ?"

"ದೊಡ್ಡ ಬೋಟಿಗೆ ಎರಡು ಎಂಜಿನ್ ಸಾರ್. ಒಂದು ಈ ಕಡೆ ತಿರುಗುತ್ತೆ, ಇನ್ನೊಂದು ಆ ಕಡೆ ತಿರುಗುತ್ತೆ. ಎರಡೂ ಒಂದೇ ಕಡೆ ತಿರುಗಿದ್ರೆ ಬೋಟು ಸೊಟ್ಟಗೆ ಹೋಗುತ್ತಂತೆ. ನಿಮ್ಮದು ಎಡದ್ದು, ಉಲ್ಟಾ ತಿರುಗೋದು."

"ನೀವು ಹೇಳ್ಬೇಕಲ್ವಾ?"

"ಜೋಡಿ ಮಾಲು ಅಂತ ಬಾಯ್ಬಿಟ್ಟು ಹೇಳಿದ್ನಲ್ಲ ಸಾರ್! ಎಡಾನೋ ಬಲಾನೋ ಅಂತ ನೀವು ಕೇಳ್ಲಿಲ್ಲ."

ಜೋಡಣ್ಣ ಫೋನು ಜೇಬಿಗೆ ಹಾಕಿಕೊಂಡ. ಬೇರೆ ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದ, ಎಡ ಬಲ ಕೇಳಲಿಲ್ಲ ಎಂಬ ಮಾತನ್ನು ಅವನು ಹೇಗೆ ತಡೆದುಕೊಳ್ಳುವುದು? ಎಂಜಿನ್ ಉಲ್ಟಾ ತಿರುಗಿದರೆ ಗೇರುಗಳೂ ಉಲ್ಟಾ. ಅಂದರೆ ಹಿಂದಕ್ಕೆ ಹೋಗಲು ಗೇರುಗಳ ಸಾಲೇ ಇದೆ, ಮುಂದಕ್ಕೆ ಹೋಗಲು ಇರುವುದು ರಿವರ್ಸ್ ಒಂದೇ. ಇದನ್ನು ಹೇಳಿ ಕೈ ಮುಗಿದುಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಮಾವನವರು ಬಂದು ಪಕ್ಕದ ಸೀಟಿನಲ್ಲಿ ಕೂತಿದ್ದರು. ಟ್ರಂಕಿನ ತಳದಿಂದ ತೆಗೆದ ಸರ್ವೇಯರ್ ಟೊಪ್ಪಿಗೆ ತಲೆಯ ಮೇಲಿತ್ತು.

"ನಡೀರಿ ಅಳಿಯಂದ್ರೇ."

ಜೋಡಣ್ಣ ಬಾಯಿ ಮುಚ್ಚಿಕೊಂಡು ರಿವರ್ಸ್ ಹಾಕಿದ.

ಜೀಪು ಮುಂದಕ್ಕೆ ಹೊರಟಿತು. ರಿವರ್ಸ್ ಗೇರಿನಲ್ಲಿ ಎಷ್ಟು ಒತ್ತಿದರೂ ನಡೆಯುವವರ ವೇಗವೇ. ಹಿಂದಿನ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ನಡೆಯುತ್ತ ಇನ್ಸ್‌ಪೆಕ್ಟರ್, ಹಿಂದೆ ಹಾರ್ನ್ ಹೊಡೆಯುತ್ತ ಭಾಮೈದನ ಕಾರು. ಒಂದು ನಾಯಿ ಮುಂದೆ ಬಂದು, ಸಾಕಷ್ಟು ಹೊತ್ತು ಯೋಚಿಸಿ, ಮೈ ಕೆರೆದುಕೊಂಡು, ಆಮೇಲೆ ದಾಟಿ ಹೋಯಿತು.

"ಈಗಿನ ಕಾಲದವರು ಗಾಡಿ ಓಡಿಸೋದಲ್ಲ, ಹಾರಿಸ್ತಾರೆ" ಎಂದರು ಮಾವನವರು ಸಂತೋಷದಿಂದ. "ಹೀಗೆ ಹೋಗ್ಬೇಕು. ಗೌರವ ಇರುತ್ತೆ."

ದಿಬ್ಬದ ಬುಡ ಮುಟ್ಟುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಫ್ಯಾನಿನ ಗಾಳಿ ಮುಂದಕ್ಕೆ, ಗಾಡಿಯೂ ಮುಂದಕ್ಕೆ, ಎದುರುಗಾಳಿಗೂ ಫ್ಯಾನಿಗೂ ಜಗಳವಾಗಿ ರೇಡಿಯೇಟರ್ ಕುದಿಯತೊಡಗಿತ್ತು. ಇನ್ನು ಈ ಆಮೆಯ ಗೇರಿನಲ್ಲಿ ಗಾಡಿ ತಿರುಗಿಸಿ ದಿಬ್ಬ ಹತ್ತುವ ಮಾತೇ ಇಲ್ಲ. ತಿರುಗಿಸುವುದೇ ಬೇಡ ಎಂದು ಜೋಡಣ್ಣನಿಗೆ ಹೊಳೆಯಿತು. ಅವನ ಜೀವನದಲ್ಲಿ ಹೊಳೆದದ್ದು ಬೂಟು ಬಿಟ್ಟರೆ ಇದೊಂದೇ.

"ಹಿಂದೆ ನೋಡಿ ದಾರಿ ಹೇಳು ಕಣೇ" ಎಂದು ಫಸ್ಟ್ ಹಾಕಿದ.

ಜೀಪು ಬೆನ್ನು ಮುಂದಾಗಿ ದಿಬ್ಬ ಏರತೊಡಗಿತು. ಅದೇ ದಾರಿಯಲ್ಲಿ ಮೇಲಿನಿಂದ ಇಳಿಯುತ್ತಿದ್ದ ಭಾಮೈದ, ಜೀಪಿನ ಸ್ಟೆಪ್ನಿ ಟೈರು ತನ್ನ ಕಡೆಗೇ ಬರುವುದನ್ನು ಕಂಡು ಹೌಹಾರಿದ. "ಭಾವ! ಭಾವಾ! ಬ್ರೇಕು!" ಎನ್ನುತ್ತ ತಾನೂ ರಿವರ್ಸ್ ಹಾಕಿ, ಕಾರಿನೊಳಗಿನ ಯಂತ್ರ ಕೀಂ ಕೀಂ ಎಂದು ಎಚ್ಚರಿಸಿದ್ದನ್ನು ಗದರಿಸಿ, ಸೀದಾ ಹೋಗಿ ಹಿಂದಿನ ಚಕ್ರವನ್ನು ಚರಂಡಿಗೆ ಇಳಿಸಿದ. ಜೀಪು ಅವನ ಪಕ್ಕದಿಂದ ಹಾದು, ಮೇಲೆ ಹೋಗಿ ನಿಂತಿತು. ಈಗ ಜೀಪಿನ ಮೂತಿಗೆ ಕಾರಿನ ಬೆನ್ನು ಎದುರಾಗಿತ್ತು.

"ಹಗ್ಗ ತಂದಿದ್ದೀಯಲ್ಲೋ?" ಎಂದರು ಮಾವನವರು ಮಗನಿಗೆ.

ಭಾಮೈದ ಇಳಿದು ಬಂದು ಹಗ್ಗ ಕಟ್ಟಿದ. ಮಾವನವರು ಕೈ ಚಾಚಿ, ಗೇರಿನ ಪಕ್ಕದ ಗಿಡ್ಡ ಸನ್ನೆಯನ್ನು ನೋಡದೆಯೇ ಹಿಡಿದು ಎಳೆದರು. "ನಾಲ್ಕೂ ಚಕ್ರ ಹಾಕಿದೀನಿ. ಈಗ ಬಿಡಿ ಅಳಿಯಂದ್ರೇ."

ಜೀಪು ಒಮ್ಮೆ ಮೈ ಕೊಡವಿತು. ನಾಲ್ಕೂ ಚಕ್ರ ನೆಲವನ್ನು ಕಚ್ಚಿದವು. ಕಾರು ಚರಂಡಿಯಿಂದ ಮೇಲೆದ್ದಿತು. "ಎಡಕ್ಕೆ ರೀ! ಸ್ವಲ್ಪ ಬಲಕ್ಕೆ! ಹಾಂ, ನೆಟ್ಟಗೆ!" ಎಂದು ಹೆಂಡತಿ ದಾರಿ ಹೇಳುತ್ತಿದ್ದಳು. ಬಿಸಿಯ ಮುಳ್ಳು ತಾನಾಗಿ ಇಳಿಯಿತು, ಈಗ ಫ್ಯಾನಿಗೂ ಗಾಳಿಗೂ ರಾಜಿಯಾಗಿತ್ತು. ಹಿಂದೆ ಹಿಂದೆ ಹೋಗುವ ಜೀಪು, ಅದರ ಮೂತಿಗೆ ಕಟ್ಟಿಸಿಕೊಂಡು ಹಿಂದೆ ಹಿಂದೆಯೇ ಬರುವ ಹೊಸ ಕಾರು, ಅದರೊಳಗೆ ಸ್ಟೇರಿಂಗ್ ಹಿಡಿದು ಮುಖ ಮುಚ್ಚಿಕೊಳ್ಳಲು ಕೈ ಸಾಲದ ಭಾಮೈದ. ಜಗಲಿಯ ಮೇಲಿದ್ದ ಹೆಡ್ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಜೀಪು ಬೆನ್ನು ಮುಂದಾಗಿಯೇ ಗೇಟಿನೊಳಗೆ ಬಂದು ನಿಂತಿತು. ಈ ಸಲ ಅದರ ಮುಖ ಗೋಡೆಗಿರಲಿಲ್ಲ, ಬೀದಿಗಿತ್ತು.

ಭಾಮೈದ ಮಾತಿಗೆ ತಪ್ಪಲಿಲ್ಲ. ಊಟ ಮುಗಿಯುವವರೆಗೂ ಬಾಯಿ ಮುಚ್ಚಿಕೊಂಡೇ ಇದ್ದ, ತುತ್ತಿಗೆ ಮಾತ್ರ ತೆರೆದ. ಜೋಡಣ್ಣ ಎಲ್ಲರೆದುರು ಬೋಟಿನ ವಿಷಯ ಒಪ್ಪಿಕೊಂಡು, "ಬಲದ್ದು ಎಲ್ಲಿದೆ ಹುಡುಕಿ, ಅದನ್ನೇ ಹಾಕ್ತೀನಿ ಮಾವ" ಎಂದ. ಮಾವನವರು ಬೇಡ ಎಂದು ಕೈಯಾಡಿಸಿದರು. ಈಗಲೂ ಅವರು ಬೆಳಿಗ್ಗೆ ಜೀಪಿನಲ್ಲಿ ಕೂತೇ ಪೇಪರ್ ಓದಿಸಿಕೊಳ್ಳುತ್ತಾರೆ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಮಾತಾಡಿಸುತ್ತಾರೆ. ಭಾನುವಾರಗಳಲ್ಲಿ ಅಳಿಯನೊಂದಿಗೆ ದಿಬ್ಬ ಇಳಿದು ಹತ್ತುತ್ತಾರೆ, ಇಳಿಯುವಾಗ ಮುಖ ಮುಂದಾಗಿ, ಹತ್ತುವಾಗ ಬೆನ್ನು ಮುಂದಾಗಿ.

ಇಷ್ಟು ತಿಳಿದದ್ದು. ಆ ಜೋಡಿಯ ಬಲದ ಎಂಜಿನ್ ಯಾರ ಪಾಲಾಯಿತು, ಈಗ ಎಲ್ಲಿ ಓಡುತ್ತಿದೆ ಎಂಬುದು ತಿಳಿಯಲಿಲ್ಲ. ಶನಿವಾರ ಸಂಜೆ ಆ ಗಾಳಿಗೆ ಅಂಗೈ ಹಿಡಿದು ನಿಂತಿದ್ದಾಗ ಮಾವನವರಿಗೆ ಎಲ್ಲ ಗೊತ್ತಾಗಿತ್ತೇ, ಗೊತ್ತಾಗಿಯೂ ಟೊಪ್ಪಿಗೆ ಹಾಕಿಕೊಂಡು ಬಂದು ಕೂತರೇ ಎಂಬುದೂ ತಿಳಿಯದು. ಜೋಡಣ್ಣ ಒಮ್ಮೆ ಕೇಳಿದ್ದುಂಟು. "ನನಗೆ ಕಣ್ಣು ಸರಿಯಾಗಿ ಕಾಣಲ್ವಲ್ಲ ಅಳಿಯಂದ್ರೇ" ಎಂದರಂತೆ. ಗಾಳಿ ನೋಡುವುದಕ್ಕೆ ಕಣ್ಣು ಯಾಕೆ ಬೇಕು ಎಂದು ಕೇಳಬೇಕಿತ್ತು. ಅವನು ಅದನ್ನೂ ಕೇಳಲಿಲ್ಲ.